ಮಾತ್ರೆ ಕೈಕೊಡುವುದು ಯಾವಾಗ?

"ಮಾತ್ರೆ ಮೈಗೆ ಒಗ್ಗಿಹೋಗಿದೆ ಡಾಕ್ಟ್ರೇ, ಅದಕ್ಕೇ ಕೆಲಸ ಮಾಡ್ತಿಲ್ಲ." ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರು ಆಡುವ ಈ ಮಾತು ಲಿವರ್ ವೈದ್ಯರಿಗೆ ಹೊಸದೇನಲ್ಲ. ವರ್ಷಗಟ್ಟಲೆ ನುಂಗಿದ ಮಾತ್ರೆಯಿಂದ ರಕ್ತದಲ್ಲಿ ವೈರಸ್ ತಗ್ಗಿತ್ತು, ಹಸಿವು ಮರಳಿತ್ತು, ಮನೆಯವರಿಗೆ ಧೈರ್ಯ ಬಂದಿತ್ತು. ಈಗ ರಿಪೋರ್ಟಿನಲ್ಲಿ ಅಂಕಿ ಮತ್ತೆ ಏರಿದೆ. ಮೈ ಮದ್ದಿಗೆ ಒಗ್ಗಿಕೊಂಡಿತು ಅನ್ನುವ ವಿವರಣೆ ಆ ಹೊತ್ತಿಗೆ ಸಹಜವಾಗಿಯೇ ತೋರುತ್ತದೆ. ಆದರೆ ಅದು ತಪ್ಪು, ಮತ್ತು ಆ ತಪ್ಪಿನಿಂದ ಜೀವಕ್ಕೇ ಅಪಾಯವಾಗಬಹುದು. ಮೈ ಒಗ್ಗಿದೆ ಎಂದು ನಂಬಿದವರು ಮಾತ್ರೆಗೆ ಸ್ವಲ್ಪ ದಿನ ಬಿಡುವು ಕೊಟ್ಟು ನೋಡುತ್ತಾರೆ. ಹೆಪಟೈಟಿಸ್ ಬಿ ಕಾಯಿಲೆಯಲ್ಲಿ ವೈದ್ಯರಿಗೆ ತಿಳಿಸದೆ ಮಾಡಬಾರದ ಕೆಲಸ ಒಂದಿದ್ದರೆ ಅದು ಇದೇ.

ಬದಲಾಗುವುದು ನಮ್ಮ ಮೈಯಲ್ಲ, ವೈರಸ್. ಅದೂ ಮಾತ್ರೆ ನುಂಗಿದ ಮೇಲೆ ಉಪಾಯ ಹುಡುಕಿ ಬದಲಾಗುವುದಲ್ಲ. ಬದಲಾದ ವೈರಸ್ ಬಹುಪಾಲು ಸಂದರ್ಭಗಳಲ್ಲಿ ಮೊದಲ ಮಾತ್ರೆಗೆ ಮುಂಚೆಯೇ ಮೈಯೊಳಗೆ ಇರುತ್ತದೆ, ಎಣಿಕೆಗೆ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ. ಇದು ಹೇಗೆ ಎಂದು ತಿಳಿದರೆ ಒಂದು ಮದ್ದು ಏಕೆ ಕೈಕೊಡುತ್ತದೆ, ಇನ್ನೊಂದು ಏಕೆ ವರ್ಷಾನುಗಟ್ಟಲೆ ನಿಲ್ಲುತ್ತದೆ, ರೋಗಿ ಏನು ಮಾಡಬೇಕು, ಸರ್ಕಾರ ಏನು ಮಾಡಬೇಕು ಎಂಬುದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಹೆಪಟೈಟಿಸ್ ಬಿ ವೈರಸ್ ತೀರಾ ಚಿಕ್ಕದು. ಅದರ ವಂಶವಾಹಿ ಸುಮಾರು 3,200 ಅಕ್ಷರಗಳ ಒಂದು ಡಿಎನ್‌ಎ ಉಂಗುರ. ಯಕೃತ್ತಿನ ಜೀವಕೋಶದೊಳಗೆ ಹೊಕ್ಕ ಮೇಲೆ ಈ ಉಂಗುರ ಕೋಶಕೇಂದ್ರವನ್ನು ಸೇರಿ, ಪೂರ್ತಿ ಮುಚ್ಚಿದ ವೃತ್ತವಾಗಿ ಅಲ್ಲೇ ಬೀಡುಬಿಡುತ್ತದೆ. ನಮ್ಮ ಕೋಶ ತನ್ನ ಸ್ವಂತ ಡಿಎನ್‌ಎಯನ್ನು ಓದುವ ಹಾಗೆಯೇ ಇದನ್ನೂ ಓದಿ ಆರ್‌ಎನ್‌ಎ ಪ್ರತಿ ತೆಗೆದುಕೊಡುತ್ತದೆ. ಆ ಆರ್‌ಎನ್‌ಎಯಿಂದ ಮತ್ತೆ ಡಿಎನ್‌ಎ ಮಾಡಿಕೊಳ್ಳುವ ಕೆಲಸ ಮಾತ್ರ ವೈರಸ್ಸಿನದೇ ಆದ ಕಿಣ್ವದ್ದು. ಇಂದು ಬಳಕೆಯಲ್ಲಿರುವ ಹೆಪಟೈಟಿಸ್ ಬಿ ಮಾತ್ರೆಗಳೆಲ್ಲ ತಡೆಯುವುದು ಈ ಕಿಣ್ವವನ್ನು. ಕೋಶಕೇಂದ್ರದಲ್ಲಿ ಕುಳಿತ ವೃತ್ತವನ್ನು ಅವು ಮುಟ್ಟಲಾರವು. ಆದ್ದರಿಂದಲೇ ಮಾತ್ರೆ ವೈರಸ್ಸನ್ನು ಅದುಮಿ ಹಿಡಿಯುತ್ತದೆಯೇ ಹೊರತು ಬೇರುಸಮೇತ ಕೀಳುವುದಿಲ್ಲ. ಹೆಚ್ಚಿನವರಿಗೆ ಚಿಕಿತ್ಸೆ ವರ್ಷಗಳ ಕಾಲ, ಹಲವರಿಗೆ ಜೀವನಪೂರ್ತಿ ಬೇಕಾಗುವುದೂ ಇದೇ ಕಾರಣಕ್ಕೆ.

ಈ ಕಿಣ್ವಕ್ಕೆ ನಕಲು ಮಾಡುವಾಗ ಆದ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿ ಇಲ್ಲ. ನಮ್ಮ ಕೋಶಗಳ ಡಿಎನ್‌ಎ ನಕಲಾಗುವಾಗ ತಪ್ಪು ಬಿದ್ದ ಕಡೆ ಹಿಂದಿರುಗಿ ಸರಿಪಡಿಸುವ ಏರ್ಪಾಡಿದೆ, ವೈರಸ್ಸಿಗೆ ಇಲ್ಲ. ಸರಿಸುಮಾರು ಲಕ್ಷ ಅಕ್ಷರಕ್ಕೆ ಒಂದು ತಪ್ಪು ಬೀಳುತ್ತದೆ ಎಂದಿಟ್ಟುಕೊಳ್ಳಿ. 3,200 ಅಕ್ಷರದ ವಂಶವಾಹಿಗೆ ಇದು ದೊಡ್ಡ ತಪ್ಪೇನಲ್ಲ ಅನ್ನಿಸಬಹುದು, ಮೂವತ್ತು ಪ್ರತಿಗೆ ಒಂದರಲ್ಲಿ ಒಂದು ಅಕ್ಷರ ಕೆಟ್ಟಂತಾಯಿತು, ಅಷ್ಟೆ. ಆದರೆ ಚಿಕಿತ್ಸೆ ಇಲ್ಲದ, ವೈರಸ್ ಜೋರಾಗಿರುವ ಒಬ್ಬ ರೋಗಿಯ ಮೈಯಲ್ಲಿ ದಿನವೊಂದಕ್ಕೆ ಹುಟ್ಟುವ ಹೊಸ ಕಣಗಳು ಕಡಿಮೆಯೆಂದರೂ 10 ಸಾವಿರ ಕೋಟಿ. ಅಂದರೆ ದಿನಕ್ಕೆ ಮುನ್ನೂರು ಕೋಟಿಗೂ ಹೆಚ್ಚು ಕಣಗಳಲ್ಲಿ ಒಂದಲ್ಲ ಒಂದು ತಪ್ಪು. 3,200 ಅಕ್ಷರಗಳಲ್ಲಿ ಒಂದೊಂದನ್ನೂ ಮೂರು ಬಗೆಯಾಗಿ ಬದಲಿಸಬಹುದಾದ್ದರಿಂದ ಸಾಧ್ಯವಿರುವ ಒಂಟಿ ಬದಲಾವಣೆಗಳು ಒಟ್ಟು 9,600. ಮುನ್ನೂರು ಕೋಟಿಯನ್ನು ಅಷ್ಟಕ್ಕೆ ಹಂಚಿ ನೋಡಿ: ಒಂದೊಂದು ಬದಲಾವಣೆಯೂ ದಿನವೂ ಲಕ್ಷಗಟ್ಟಲೆ ಸಲ ಆಗಿಹೋಗುತ್ತದೆ. ಬಹಳಷ್ಟು ಬದಲಾವಣೆಗಳಿಂದ ವೈರಸ್ಸೇ ಸಾಯುತ್ತದೆ. ಉಳಿದವು ಬದುಕುತ್ತವೆ, ಆದರೆ ಮೂಲ ವೈರಸ್ಸಿನಷ್ಟು ಚುರುಕಾಗಿ ಹೆಚ್ಚಲಾರದೆ ಅದರ ನಡುವೆ ಹಿಂದುಳಿಯುತ್ತವೆ.

ಈಗ ಒಂದು ಮಾತ್ರೆ ಬರುತ್ತದೆ. ಬತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಮುಂದಿನದು ಹೇಳಿಕೊಡಬೇಕಾಗಿಲ್ಲ. ಕಣ್ಣಿಗೆ ಬೇರೆಯಾಗಿ ಕಾಣುವ ಕಳೆಯೆಲ್ಲ ಕೈಗೆ ಬರುತ್ತದೆ. ಬತ್ತದ ಪೈರಿನಂತೆಯೇ ಕಾಣುವ ಕಾಡುಬತ್ತ ಉಳಿದುಬಿಡುತ್ತದೆ. ಕಳೆ ಕಿತ್ತಿದ್ದರಿಂದ ಕಾಡುಬತ್ತ ಹುಟ್ಟಲಿಲ್ಲ, ಅದಕ್ಕೆ ಜಾಗ ಮತ್ತು ಗೊಬ್ಬರ ಸಿಕ್ಕಿತು ಅಷ್ಟೆ. ಔಷಧ ಮಾಡುವ ಆಯ್ಕೆಯೂ ಇಂಥದ್ದೇ.

ಇದನ್ನು ಜಗತ್ತಿಗೆ ಕಲಿಸಿದ ಮದ್ದು ಲ್ಯಾಮಿವುಡಿನ್. ಅದಕ್ಕೂ ಮೊದಲು ಹೆಪಟೈಟಿಸ್ ಬಿಗೆ ಇದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು. ದುಬಾರಿ, ಜ್ವರ ಮೈಕೈನೋವು ತರುವಂಥದ್ದು, ಗುಣ ಕಾಣುವವರು ಕಡಿಮೆ. ಎಚ್‌ಐವಿಗೆ ಬಳಕೆಗೆ ಬಂದಿದ್ದ ಲ್ಯಾಮಿವುಡಿನ್ ಹೆಪಟೈಟಿಸ್ ಬಿ ಕಿಣ್ವವನ್ನೂ ತಡೆಯುತ್ತದೆ ಎಂದು ತಿಳಿದು, 1998ರ ಕೊನೆಯಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೂ ಅನುಮತಿ ಸಿಕ್ಕಿತು. ದಿನಕ್ಕೊಂದು ಮಾತ್ರೆ, ಅಡ್ಡಪರಿಣಾಮ ಬಹಳ ಕಡಿಮೆ. ಹೊಟ್ಟೆಯಲ್ಲಿ ನೀರು ತುಂಬಿ ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಆ ದಿನಗಳಲ್ಲಿ ವೈದ್ಯರೂ ರೋಗಿಗಳೂ ಪಟ್ಟ ಸಂತೋಷ ಸುಳ್ಳಲ್ಲ.

ಆದರೆ ಒಂದು ವರ್ಷ ತುಂಬುವಷ್ಟರಲ್ಲಿ ಐವರಲ್ಲಿ ಒಬ್ಬರಂತೆ ವೈರಸ್ ಮತ್ತೆ ತಲೆಯೆತ್ತಿತು. ನಾಲ್ಕೈದು ವರ್ಷಗಳ ಹೊತ್ತಿಗೆ ಲ್ಯಾಮಿವುಡಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿಯಲ್ಲಿ ಔಷಧಕ್ಕೆ ಬಗ್ಗದ ವೈರಸ್ ಕಂಡಿತು. ಅಷ್ಟೊಂದು ಜನರ ವೈರಸ್ಸನ್ನು ಬಿಡಿಸಿ ನೋಡಿದಾಗ ಬದಲಾವಣೆ ಬಹುತೇಕ ಒಂದೇ ಜಾಗದಲ್ಲಿತ್ತು.

ಆ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೈರಸ್ಸಿನ ಕಿಣ್ವದ ಒಡಲಲ್ಲಿ ಹೊಸ ಡಿಎನ್‌ಎ ಎಳೆಗೆ ಒಂದೊಂದೇ ಅಕ್ಷರ ಬಂದು ಕೂಡುವ ಪುಟ್ಟ ಸಂದು ಇದೆ. ಅಲ್ಲಿ ಟೈರೋಸಿನ್, ಮೆಥಿಯೋನಿನ್ ಮತ್ತು ಎರಡು ಆಸ್ಪಾರ್ಟೇಟ್ ಎಂಬ ನಾಲ್ಕು ಅಮೈನೋ ಆಮ್ಲಗಳು ಸಾಲಾಗಿವೆ. ವೈದ್ಯರ ಬಾಯಲ್ಲಿ ಅದು ವೈಎಂಡಿಡಿ. ಲ್ಯಾಮಿವುಡಿನ್ ಡಿಎನ್‌ಎಯ ಒಂದು ಅಕ್ಷರವನ್ನು ಹೋಲುವ ಅಣು. ಅದು ಆ ಸಂದಿಗೆ ಬಂದು ಎಳೆಗೆ ಸೇರಿಕೊಂಡರೆ ಮುಂದಿನ ಅಕ್ಷರ ಕೂಡಲು ಕೊಕ್ಕೆಯೇ ಇಲ್ಲದೆ ನಕಲು ಅರ್ಧಕ್ಕೇ ನಿಲ್ಲುತ್ತದೆ. ಆ ನಾಲ್ಕರಲ್ಲಿ ಮೆಥಿಯೋನಿನ್, ಅಂದರೆ ಕಿಣ್ವದ 204ನೇ ಸ್ಥಾನದ್ದು, ನೀಳವಾಗಿ ಬಾಗಬಲ್ಲ ಅಣು. ಅದರ ಬದಲು ವ್ಯಾಲಿನ್ ಅಥವಾ ಐಸೋಲ್ಯೂಸಿನ್ ಬಂದು ಕುಳಿತರೆ ಅವುಗಳ ಕವಲು ಪಕ್ಕಕ್ಕೆ ಚಾಚಿಕೊಂಡು, ಗಂಧಕವಿರುವ ಲ್ಯಾಮಿವುಡಿನ್ ಉಂಗುರಕ್ಕೆ ತಾಕುತ್ತದೆ. ವೈರಸ್ಸಿಗೆ ಬೇಕಾದ ನಿಜವಾದ ಅಕ್ಷರ ಮಾತ್ರ ಇನ್ನೂ ಒಳಗೆ ತೂರಬಲ್ಲದು. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, ಅದರಿಂದ ಮದ್ದು ಹೊರಗೇ ಉಳಿಯಿತು.

ಇದಕ್ಕಾಗಿ ವೈರಸ್ ಬೆಲೆ ತೆರಬೇಕಾಯಿತು. ಹೊಸ ರೂಪದ ಕಿಣ್ವ ನಿಧಾನ. ಆದರೆ 180ನೇ ಸ್ಥಾನದಲ್ಲಿ ಲ್ಯೂಸಿನ್ ಜಾಗಕ್ಕೆ ಮೆಥಿಯೋನಿನ್ ಬಂದರೆ ಕಳೆದುಕೊಂಡ ಚುರುಕು ಬಹಳಮಟ್ಟಿಗೆ ಮರಳುತ್ತದೆ. ಹಾಗಾಗಿಯೇ ರೋಗಿಗಳಲ್ಲಿ ಈ ಎರಡು ಬದಲಾವಣೆ ಜೋಡಿಯಾಗಿ ಸಿಗುವುದು ಸಾಮಾನ್ಯ. ಮುಂದಿನ ಮದ್ದುಗಳ ಕತೆಗೆ ಈ ಜೋಡಿ ಮುಖ್ಯವಾದ್ದರಿಂದ ಇದನ್ನು ನೆನಪಿಡಿ.

ಹಾಗಾದರೆ ಲ್ಯಾಮಿವುಡಿನ್ ಕೊಟ್ಟದ್ದೇ ತಪ್ಪಾಯಿತೇ? ಇಲ್ಲ. ಏಷ್ಯಾ-ಪೆಸಿಫಿಕ್ ಪ್ರದೇಶದಲ್ಲಿ ಯಕೃತ್ತು ಆಗಲೇ ಗಟ್ಟಿಗಟ್ಟಿದ್ದ 651 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ಕಾಯಿಲೆ ಉಲ್ಬಣಗೊಂಡವರು ಅಥವಾ ಕ್ಯಾನ್ಸರ್ ಕಂಡವರು ಲ್ಯಾಮಿವುಡಿನ್ ಗುಂಪಿನಲ್ಲಿ ಶೇ 7.8, ಬರಿಯ ಸಕ್ಕರೆ ಮಾತ್ರೆಯ ಗುಂಪಿನಲ್ಲಿ ಶೇ 17.7. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಆದರೆ ಅದೇ ಅಧ್ಯಯನದಲ್ಲಿ ಮದ್ದು ಪಡೆದವರಲ್ಲಿ ಶೇ 49 ಮಂದಿಗೆ ವೈಎಂಡಿಡಿ ಬದಲಾವಣೆ ಆಗಿತ್ತು, ಅಂಥವರಲ್ಲಿ ಲಾಭದ ಒಂದು ಪಾಲು ಕರಗಿಹೋಗಿತ್ತು. ಬೇರೆ ಏನೂ ಇಲ್ಲದ ಕಾಲದಲ್ಲಿ ಲ್ಯಾಮಿವುಡಿನ್ ಬರೆದ ವೈದ್ಯರು ಸರಿಯಾದದ್ದನ್ನೇ ಮಾಡಿದರು. ನನ್ನ ಆಕ್ಷೇಪ ಇರುವುದು ಗಟ್ಟಿಯಾದ ಮದ್ದುಗಳು ಬಂದ ಮೇಲೂ, ಅಗ್ಗ ಮತ್ತು ರೂಢಿ ಎಂಬ ಕಾರಣಕ್ಕೆ ಒಂಟಿ ಲ್ಯಾಮಿವುಡಿನ್ ಚೀಟಿಗಳು ಮುಂದುವರಿದದ್ದರ ಬಗ್ಗೆ.

ನಂತರ ಬಂದ ಅಡೆಫೋವಿರ್ (2002) ಲ್ಯಾಮಿವುಡಿನ್‌ಗೆ ಬಗ್ಗದ ವೈರಸ್ಸಿನ ಮೇಲೂ ಕೆಲಸ ಮಾಡುತ್ತಿತ್ತು. ಆದರೆ ಅದರ ಹಿಡಿತ ಸಡಿಲ. ಮೂತ್ರಪಿಂಡಕ್ಕೆ ಹಾನಿಯಾಗದಿರಲೆಂದು ಪ್ರಮಾಣ ಕಡಿಮೆ ಇಡಬೇಕಿತ್ತು. ಐದು ವರ್ಷದ ಹೊತ್ತಿಗೆ ಅದಕ್ಕೂ ನೂರಕ್ಕೆ ಸುಮಾರು ಮೂವತ್ತು ಮಂದಿಯಲ್ಲಿ ವೈರಸ್ ದಾರಿ ಕಂಡುಕೊಂಡಿತು. ಒಂದು ಕೈಕೊಟ್ಟಾಗ ಅದನ್ನು ನಿಲ್ಲಿಸಿ ಇನ್ನೊಂದು, ಅದೂ ಕೈಕೊಟ್ಟಾಗ ಮತ್ತೊಂದು ಎಂದು ಸರದಿಯಲ್ಲಿ ಮದ್ದು ಬದಲಿಸುತ್ತ ಹೋದದ್ದರಿಂದ ಕೆಲವರ ಮೈಯಲ್ಲಿ ಎರಡೆರಡು ಮದ್ದಿಗೆ ಬಗ್ಗದ ವೈರಸ್ ಬೆಳೆಯಿತು.

2005ರಲ್ಲಿ ಬಂದ ಎಂಟೆಕಾವಿರ್ ಈ ವಿಚಾರವನ್ನು ತೀರಾ ಚೆನ್ನಾಗಿ ತೋರಿಸಿಕೊಡುತ್ತದೆ. ಮೊದಲ ಸಲ ಚಿಕಿತ್ಸೆ ಪಡೆಯುವವರಿಗೆ ಇದನ್ನು ಕೊಟ್ಟಾಗ ಐದು ವರ್ಷಗಳಲ್ಲಿ ನಿರೋಧಕತೆ ಕಂಡದ್ದು ಬರೀ ಶೇ 1.2ರಷ್ಟು. ಲ್ಯಾಮಿವುಡಿನ್ ಆಗಲೇ ಕೈಕೊಟ್ಟಿದ್ದವರಿಗೆ ಅದೇ ಮದ್ದು ಕೊಟ್ಟಾಗ ಅದು ಶೇ 51. ಮದ್ದು ಒಂದೇ, ಅವಧಿ ಒಂದೇ. ಅಂತರಕ್ಕೆ ಕಾರಣ ಹಿಂದೆ ಹೇಳಿದ ಲೆಕ್ಕದಲ್ಲೇ ಇದೆ. ಎಂಟೆಕಾವಿರ್‌ನಿಂದ ತಪ್ಪಿಸಿಕೊಳ್ಳಲು ವೈರಸ್ಸಿಗೆ ಕನಿಷ್ಠ ಮೂರು ಬದಲಾವಣೆ ಬೇಕು: 204, 180, ಜೊತೆಗೆ 184, 202 ಅಥವಾ 250ನೇ ಸ್ಥಾನಗಳಲ್ಲಿ ಒಂದು. ಒಂಟಿ ಬದಲಾವಣೆ ದಿನವೂ ಲಕ್ಷಗಟ್ಟಲೆ ಸಲ ಹುಟ್ಟುತ್ತದೆ. ಗೊತ್ತಾದ ಎರಡು ಒಂದೇ ಕಣದಲ್ಲಿ ಒಮ್ಮೆಗೇ ಸೇರುವುದು ದಿನಕ್ಕೆ ಒಂದೆರಡು ಕಣಗಳಲ್ಲಿ. ಮೂರೂ ಒಮ್ಮೆಗೇ ಸೇರಬೇಕಾದರೆ ಲಕ್ಷಾಂತರ ದಿನ ಕಾಯಬೇಕು, ಮನುಷ್ಯನ ಆಯುಸ್ಸು ಅಷ್ಟಿಲ್ಲ. ಆದರೆ ಲ್ಯಾಮಿವುಡಿನ್ ಆಗಲೇ ಮೊದಲ ಎರಡನ್ನು ಆರಿಸಿ, ಬೆಳೆಸಿ ಇಟ್ಟಿದ್ದರೆ? ಉಳಿದದ್ದು ಒಂದೇ. ಅಂಥವರಿಗೆ ಈಗ ಎಂಟೆಕಾವಿರ್ ಬರೆಯುವುದಿಲ್ಲ, ಟೆನೋಫೋವಿರ್ ಕೊಡುತ್ತಾರೆ.

ಟೆನೋಫೋವಿರ್ ಹುಟ್ಟಿದ್ದು ಪ್ರಾಗ್‌ನ ರಸಾಯನ ವಿಜ್ಞಾನಿ ಆಂಟೋನಿನ್ ಹೋಲಿ ಅವರ ಪ್ರಯೋಗಾಲಯದಲ್ಲಿ. ಬೆಲ್ಜಿಯಂನ ಎರಿಕ್ ಡಿ ಕ್ಲೆರ್ಕ್ ಜೊತೆ ಸೇರಿ ಅವರು ಕಟ್ಟಿದ ಅಣುಗಳ ಬಳಗದ್ದೇ ಇದು. ಇದಕ್ಕೆ ಲ್ಯಾಮಿವುಡಿನ್‌ನಂತೆ ಗಡುಸಾದ ಸಕ್ಕರೆ ಉಂಗುರವಿಲ್ಲ, ಬಾಗಬಲ್ಲ ಎಳೆಯಿದೆ. ಸಂದಿನ ಆಕಾರ ಚೂರು ಬದಲಾದರೂ ಹೊಂದಿಕೊಂಡು ಒಳಗೆ ಕೂರುತ್ತದೆ. 2008ರಲ್ಲಿ ಹೆಪಟೈಟಿಸ್ ಬಿಗೆ ಅನುಮತಿ ಪಡೆದ ಈ ಮದ್ದನ್ನು ಎಂಟು ವರ್ಷ ತೆಗೆದುಕೊಂಡ ಅಧ್ಯಯನದ ರೋಗಿಗಳಲ್ಲಿ ಒಬ್ಬರಲ್ಲಿಯೂ ಮದ್ದಿಗೆ ಬಗ್ಗದ ವೈರಸ್ ಸಿಗಲಿಲ್ಲ. 2019ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಇಬ್ಬರು ರೋಗಿಗಳಲ್ಲಿ ನಾಲ್ಕು ಬದಲಾವಣೆ ಒಟ್ಟಿಗೆ ಸೇರಿ ಟೆನೋಫೋವಿರ್‌ನ ಪ್ರಭಾವ ತಗ್ಗಿದ್ದನ್ನು ವರದಿ ಮಾಡಿದರು. ಅಸಾಧ್ಯ ಎನ್ನುವ ಹಾಗಿಲ್ಲ, ಆದರೆ ತೀರಾ ಅಪರೂಪ. ಮೂತ್ರಪಿಂಡ ಮತ್ತು ಮೂಳೆಯ ಮೇಲೆ ನಿಗಾ ಬೇಕೆಂಬುದು ಬೇರೆ ಮಾತು. ಅದಕ್ಕೆ 2016ರಿಂದ ಟೆನೋಫೋವಿರ್‌ನ ಇನ್ನೊಂದು ರೂಪ, ಅಲಾಫೆನಮೈಡ್, ಸಿಗುತ್ತಿದೆ. 2009ರಲ್ಲಿ ಭಾರತದ ಪೇಟೆಂಟ್ ಕಚೇರಿ ಟೆನೋಫೋವಿರ್ ಮೇಲಿನ ಹಕ್ಕಿನ ಅರ್ಜಿಯನ್ನು ತಿರಸ್ಕರಿಸಿದ್ದರಿಂದ ನಮ್ಮ ಕಂಪನಿಗಳು ಇದನ್ನು ಅಗ್ಗವಾಗಿ ತಯಾರಿಸುವಂತಾಯಿತು. ಜಗತ್ತಿನ ಬಡ ರೋಗಿಗಳಿಗೆ ಇದರಿಂದ ಆದ ಉಪಕಾರ ದೊಡ್ಡದು.

ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ಇರುವವರ ವಿಷಯ ಇಲ್ಲೇ ಹೇಳಬೇಕು. 2004ರಲ್ಲಿ ಭಾರತದ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಶುರುವಾದಾಗ ಮೂರು ಮದ್ದುಗಳ ಜೋಡಣೆಯಲ್ಲಿ ಲ್ಯಾಮಿವುಡಿನ್ ಇತ್ತು, ಟೆನೋಫೋವಿರ್ ಇರಲಿಲ್ಲ. ಎಚ್‌ಐವಿ ಪಾಲಿಗೆ ಅದು ಮೂರು ಮದ್ದು. ಅದೇ ವ್ಯಕ್ತಿಯ ಮೈಯಲ್ಲಿ ಯಾರಿಗೂ ಗೊತ್ತಿಲ್ಲದೆ ಕೂತಿದ್ದ ಹೆಪಟೈಟಿಸ್ ಬಿ ಪಾಲಿಗೆ ಅದು ಒಂದೇ ಮದ್ದು. ಇಂದಿನ ಜೋಡಣೆಯಲ್ಲಿ ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಇರುವುದರಿಂದ ಎರಡೂ ಹತೋಟಿಗೆ ಬರುತ್ತವೆ. ಮೂತ್ರಪಿಂಡದ ತೊಂದರೆಯೆಂದು ಟೆನೋಫೋವಿರ್ ಕೈಬಿಡುವ ಮುನ್ನ ಹೆಪಟೈಟಿಸ್ ಬಿ ಇದೆಯೇ ಎಂದು ಕೇಳುವುದನ್ನು ಮರೆತರೆ ಹಳೆಯ ಪರಿಸ್ಥಿತಿ ಮರುಕಳಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಎಂಟೆಕಾವಿರ್ ಅಥವಾ ಟೆನೋಫೋವಿರ್ ತೆಗೆದುಕೊಳ್ಳುತ್ತಿರುವವರಲ್ಲಿ ವೈರಸ್ ಮತ್ತೆ ಏರಿದರೆ ಮೊದಲು ಅನುಮಾನಿಸಬೇಕಾದ್ದು ರೂಪಾಂತರವನ್ನಲ್ಲ, ತಪ್ಪಿಹೋದ ಮಾತ್ರೆಗಳನ್ನು. ಇದನ್ನು ಕೇಳುವ ರೀತಿ ಮುಖ್ಯ. "ಸರಿಯಾಗಿ ತಗೋತಿಲ್ವಾ?" ಎಂದು ಗದರಿದರೆ ಯಾರೂ ನಿಜ ಹೇಳುವುದಿಲ್ಲ. ಮಾತ್ರೆ ತಪ್ಪುವುದಕ್ಕೆ ಕಾರಣಗಳಿರುತ್ತವೆ. ಸರ್ಕಾರಿ ಆಸ್ಪತ್ರೆಗೆ ಹೋದ ದಿನ ಸ್ಟಾಕ್ ಇರಲಿಲ್ಲ, ಇನ್ನೊಮ್ಮೆ ಹೋಗಲು ಕೂಲಿ ತಪ್ಪುತ್ತದೆ. ಮದುವೆಯಾಗಿ ಬಂದ ಮನೆಯಲ್ಲಿ ಡಬ್ಬಿ ಬಚ್ಚಿಡಬೇಕು. ಗಲ್ಫಿಗೆ ಕೆಲಸಕ್ಕೆ ಹೋಗುವಾಗ ವೈದ್ಯಕೀಯ ತಪಾಸಣೆಯ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ಮೈಯಲ್ಲಿ ನೋವಿಲ್ಲ, ಕಣ್ಣು ಹಳದಿಯಾಗಿಲ್ಲ, ಮತ್ತೇಕೆ ಮಾತ್ರೆ ಎಂಬ ಭಾವನೆ. ಎಂಟೆಕಾವಿರ್‌ಗಂತೂ ಇನ್ನೊಂದು ಕಟ್ಟುಪಾಡಿದೆ: ಊಟವಾಗಿ ಎರಡು ಗಂಟೆಯ ನಂತರ, ಮುಂದಿನ ಊಟಕ್ಕೆ ಎರಡು ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು. ತಿಂಡಿಯ ಜೊತೆಗೇ ನುಂಗಿದರೆ ಮೈಗೆ ಸೇರುವ ಮದ್ದು ಕಡಿಮೆಯಾಗುತ್ತದೆ. ಔಷಧದ ಅಂಗಡಿಯಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ.

ರಿಪೋರ್ಟನ್ನು ಓದುವುದೂ ಕಲಿಯಬೇಕಾದ ಸಂಗತಿ. ಹೆಪಟೈಟಿಸ್ ಬಿ ಡಿಎನ್‌ಎ ಪರೀಕ್ಷೆ, ಜನ 'ವೈರಲ್ ಲೋಡ್' ಎನ್ನುವುದು, ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂದು ಐಯು ಲೆಕ್ಕದಲ್ಲಿ ತಿಳಿಸುತ್ತದೆ. ಪಕ್ಕದಲ್ಲೇ 'ಲಾಗ್' ಎಂದು ಇನ್ನೊಂದು ಚಿಕ್ಕ ಅಂಕಿ ಇರುತ್ತದೆ. ಉದಾಹರಣೆಗೆ ಚಿಕಿತ್ಸೆಗೆ ಮೊದಲು 8,20,00,000 ಇದ್ದರೆ ಲಾಗ್ 7.9. ಆರು ತಿಂಗಳಲ್ಲಿ 1,400ಕ್ಕೆ ಇಳಿದರೆ ಲಾಗ್ 3.1. ಲಾಗ್‌ನಲ್ಲಿ ಒಂದು ಇಳಿದರೆ ವೈರಸ್ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಇದೇ ರೋಗಿಯಲ್ಲಿ ಮುಂದೆ 36,000 ಬಂತು ಎನ್ನಿ, ಲಾಗ್ 4.6. ಅತ್ಯಂತ ಕೆಳಗಿಳಿದ ಮಟ್ಟಕ್ಕಿಂತ ಹತ್ತು ಪಟ್ಟಿಗೂ ಮೀರಿ ಏರಿದೆ, ಮದ್ದು ಹಿಡಿತ ತಪ್ಪಿದೆ ಎಂದು ವೈದ್ಯರು ತೀರ್ಮಾನಿಸುವ ಗೆರೆ ಇದು. 1,400 ಇದ್ದದ್ದು 2,100 ಆದರೆ ಗಾಬರಿ ಬೇಡ, ಪರೀಕ್ಷೆಯಿಂದ ಪರೀಕ್ಷೆಗೆ ಅಷ್ಟು ಏರುಪೇರು ಇದ್ದದ್ದೇ. ಗೆರೆ ದಾಟಿದರೆ ಮಾತ್ರೆ ತಪ್ಪದೆ ತೆಗೆದುಕೊಂಡು ಒಂದೆರಡು ತಿಂಗಳಲ್ಲಿ ಮತ್ತೆ ಪರೀಕ್ಷೆ. ಅನೇಕರಲ್ಲಿ ಅಂಕಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಮಾತ್ರ ವೈರಸ್ಸಿನ ವಂಶವಾಹಿಯನ್ನು ಓದಿಸುವ ಪರೀಕ್ಷೆಗೆ ಅರ್ಥವಿದೆ.

ನಮ್ಮಲ್ಲಿ ಬಹಳಷ್ಟು ಮಂದಿ ಎಸ್‌ಜಿಪಿಟಿ ಒಂದನ್ನೇ ನೋಡಿ ನಿಶ್ಚಿಂತರಾಗುತ್ತಾರೆ. ಎಸ್‌ಜಿಪಿಟಿ ಎಂದರೆ ಯಕೃತ್ತಿನ ಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ. ಮೊದಲು ಏರುವುದು ವೈರಸ್, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎಸ್‌ಜಿಪಿಟಿ. ಅದು ಏರುವ ತನಕ ಕಾದರೆ ಯಕೃತ್ತಿಗೆ ಪೆಟ್ಟು ಬಿದ್ದ ಮೇಲೆ ಎಚ್ಚೆತ್ತಂತೆ. ಆಗಲೇ ಸಿರೋಸಿಸ್, ಅಂದರೆ ಯಕೃತ್ತು ಗಟ್ಟಿಗಟ್ಟುವ ಸ್ಥಿತಿ, ಇರುವವರಿಗೆ ಆ ಒಂದು ಪೆಟ್ಟೇ ಹೆಚ್ಚಾಗಬಹುದು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದವರಲ್ಲಿ ಆಗುವುದೂ ಇದೇ. ಅದುಮಿ ಇಟ್ಟಿದ್ದ ವೈರಸ್ ಒಮ್ಮೆಗೇ ಹೆಚ್ಚುತ್ತದೆ, ಅದನ್ನು ಕಂಡ ದೇಹದ ರಕ್ಷಣಾ ಪಡೆ ಸೋಂಕು ತಗುಲಿದ ಯಕೃತ್ತಿನ ಕೋಶಗಳ ಮೇಲೆಯೇ ಎರಗುತ್ತದೆ. ಕೆಲವರಲ್ಲಿ ಕೆಲವೇ ವಾರಗಳಲ್ಲಿ ಯಕೃತ್ತು ಪೂರ್ತಿ ಸೋತುಹೋಗುತ್ತದೆ.

ಮಾತ್ರೆ ನಿಲ್ಲಿಸಲು ನಮ್ಮ ನಾಡಿನಲ್ಲಿ ಇನ್ನೊಂದು ಕಾರಣವೂ ಇದೆ, ಅದನ್ನು ಗೌರವದಿಂದಲೇ ಚರ್ಚಿಸಬೇಕು. ಕಾಮಾಲೆ ಎಂದರೆ ನೆಲನೆಲ್ಲಿ. ಕೈ ತುಂಬ ಗಿಡ ಕಿತ್ತು ಅರೆದು ಹಾಲು ಅಥವಾ ಮಜ್ಜಿಗೆಯಲ್ಲಿ ಕೊಡುವ ಪದ್ಧತಿ ಊರೂರಲ್ಲಿದೆ. ಇದನ್ನು ವಿಜ್ಞಾನ ಕಣ್ಣೆತ್ತಿಯೂ ನೋಡಲಿಲ್ಲ ಎನ್ನುವುದು ಸರಿಯಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರೇ ಇದರಲ್ಲಿ ಆಸಕ್ತಿ ತಳೆದಿದ್ದರು. ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲೂಂಬರ್ಗ್ ಜೊತೆ ಸೇರಿ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿ ನೆಲನೆಲ್ಲಿ ಪಡೆದವರಲ್ಲಿ ಶೇ 59 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು, ಉಳಿದ ಗುಂಪಿನಲ್ಲಿ ಶೇ 4. ಎಲ್ಲೆಡೆ ಆಸೆ ಚಿಗುರಿತು. ಆದರೆ ನಂತರ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಊರಿನಲ್ಲಿ ಕಾಮಾಲೆ ವಾಸಿಯಾದವರನ್ನು ನಾವೆಲ್ಲ ಕಂಡಿದ್ದೇವೆ, ನಿಜ. ಅವರಲ್ಲಿ ಹೆಚ್ಚಿನವರದು ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ, ಮದ್ದಿಲ್ಲದೆಯೂ ಕೆಲವು ವಾರಗಳಲ್ಲಿ ಇಳಿಯುವಂಥದ್ದು. ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರು ನೆಲನೆಲ್ಲಿಯನ್ನು ನೆಚ್ಚಿ ಟೆನೋಫೋವಿರ್ ನಿಲ್ಲಿಸಿದರೆ ಕಾದಿರುವುದು ಮೇಲೆ ಹೇಳಿದ ಉಲ್ಬಣ.

ಇನ್ನೂ ಎರಡು ರೂಪಾಂತರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಂಶವಾಹಿಯ 1896ನೇ ಅಕ್ಷರ ಬದಲಾದರೆ ವೈರಸ್ 'ಇ' ಆಂಟಿಜೆನ್ ಎಂಬ ಪ್ರೋಟೀನನ್ನು ಮಾಡುವುದೇ ನಿಲ್ಲಿಸುತ್ತದೆ. ರಿಪೋರ್ಟಿನಲ್ಲಿ 'ಎಚ್‌ಬಿಇಎಜಿ ನೆಗೆಟಿವ್' ಎಂದು ಕಂಡು ಕಾಯಿಲೆ ಹೋಯಿತು ಎಂದು ಸಿಹಿ ಹಂಚಬಾರದು. ಈ ರೂಪದ ವೈರಸ್ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತಿರಬಹುದು, ವೈರಲ್ ಲೋಡ್ ನೋಡಿದರಷ್ಟೇ ತಿಳಿಯುತ್ತದೆ. ಇನ್ನೊಂದು, ವೈರಸ್ಸಿನ ಹೊರಕವಚದ ರೂಪಾಂತರ. ಕಿಣ್ವದ ವಂಶವಾಹಿಯೂ ಹೊರಕವಚದ ವಂಶವಾಹಿಯೂ ಒಂದರ ಮೇಲೊಂದು ಹಾದುಹೋಗುವುದರಿಂದ, ಮದ್ದಿಗೆ ಬಗ್ಗದ ಕಿಣ್ವ ಬಂದಾಗ ಕವಚವೂ ಕೆಲವೊಮ್ಮೆ ಬದಲಾಗುತ್ತದೆ. ಕವಚದ 145ನೇ ಸ್ಥಾನದ ಒಂದು ಬದಲಾವಣೆ ಲಸಿಕೆಯಿಂದಲೂ ತಪ್ಪಿಸಿಕೊಳ್ಳಬಲ್ಲದು ಎಂದು 1990ರಲ್ಲೇ ಇಟಲಿಯ ಒಂದು ಮಗುವಿನಲ್ಲಿ ಕಂಡುಬಂದಿತ್ತು. ಆದರೂ ಮೂರು ದಶಕಗಳ ಅನುಭವದಲ್ಲಿ ಲಸಿಕೆ ಎಲ್ಲ ದೇಶಗಳಲ್ಲೂ ತನ್ನ ಕೆಲಸ ಮಾಡುತ್ತಲೇ ಇದೆ.

ಹೆಪಟೈಟಿಸ್ ಸಿ ಇದಕ್ಕೆ ಪೂರ್ತಿ ಬೇರೆಯೇ ಪಾಠ. ಅದು ಹೆಪಟೈಟಿಸ್ ಬಿ ವೈರಸ್ಸಿಗಿಂತ ಬಹಳ ಬೇಗ ರೂಪ ಬದಲಿಸುವ ವೈರಸ್. 2011ರಲ್ಲಿ ಬಂದ ಟೆಲಾಪ್ರೆವಿರ್ ಒಂದನ್ನೇ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಎರಡು ವಾರದೊಳಗೇ ಮದ್ದಿಗೆ ಬಗ್ಗದ ವೈರಸ್ ತುಂಬಿಕೊಂಡಿತ್ತು. ಹೀಗಿದ್ದೂ ಇಂದು ಹೆಪಟೈಟಿಸ್ ಸಿ ಹನ್ನೆರಡು ವಾರಗಳ ಮಾತ್ರೆಯಿಂದ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ಪೂರ್ತಿ ಗುಣವಾಗುತ್ತದೆ. ಇದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಸೋಫೋಸ್ಬುವಿರ್ ಜೊತೆಗೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಾಟಾಸ್ವಿರ್, ಹೀಗೆ ಬೇರೆ ಬೇರೆ ಕಡೆ ತಡೆಯುವ ಎರಡು ಮದ್ದು ಒಟ್ಟಿಗೆ. ಸೋಫೋಸ್ಬುವಿರ್‌ನಿಂದ ತಪ್ಪಿಸಿಕೊಳ್ಳುವ ರೂಪಾಂತರವಂತೂ ಎಷ್ಟು ದುರ್ಬಲವೆಂದರೆ ಹೆಚ್ಚು ದಿನ ಉಳಿಯುವುದೇ ಇಲ್ಲ. ಇನ್ನೂ ಮುಖ್ಯವಾದದ್ದು, ಹೆಪಟೈಟಿಸ್ ಸಿ ಕೋಶಕೇಂದ್ರದೊಳಗೆ ಹೋಗಿ ಕೂರುವುದಿಲ್ಲ. ನಕಲು ನಿಂತರೆ ವೈರಸ್ಸೇ ಮುಗಿಯಿತು. ಇಷ್ಟು ಒಳ್ಳೆಯ ಮದ್ದಿರುವಾಗ ಪರೀಕ್ಷೆ ಆಗದ ಕಾರಣಕ್ಕೇ ಜನ ಸಿರೋಸಿಸ್‌ವರೆಗೆ ಹೋಗುವುದನ್ನು ಒಪ್ಪಿಕೊಂಡು ಸುಮ್ಮನಿರಲು ಸಾಧ್ಯವಿಲ್ಲ.

ಪರೀಕ್ಷೆಯ ಮಾತಿಗೆ ಬಂದರೆ ಅಂಕಿಗಳು ಎದೆ ಭಾರವಾಗಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹೆಪಟೈಟಿಸ್ ಬಿ ಇದ್ದವರು 25.4 ಕೋಟಿ, ಅವರಲ್ಲಿ ತಮಗೆ ಕಾಯಿಲೆ ಇದೆಯೆಂದು ತಿಳಿದವರು ಶೇ 13, ಚಿಕಿತ್ಸೆ ಪಡೆಯುತ್ತಿದ್ದವರು ಶೇ 3. ಭಾರತದ ಪಾಲು 2.98 ಕೋಟಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಎಂಟೆಕಾವಿರ್, ಟೆನೋಫೋವಿರ್ ಎರಡೂ ಅದರಲ್ಲಿವೆ. ಇದು ಒಳ್ಳೆಯ ಕಾರ್ಯಕ್ರಮ, ಆದರೆ ಅದರ ಹೆಸರನ್ನೇ ಕೇಳದವರು ನಮ್ಮ ಜಿಲ್ಲೆಗಳಲ್ಲಿ ತುಂಬ ಮಂದಿ ಇದ್ದಾರೆ. ಇದಕ್ಕಿಂತ ದೊಡ್ಡ ಕೊರತೆ ವೈರಲ್ ಲೋಡ್ ಪರೀಕ್ಷೆಯದು. ಮಾತ್ರೆ ತಾಲ್ಲೂಕಿಗೆ ಬಂದು, ಡಿಎನ್‌ಎ ಪರೀಕ್ಷೆ ದೂರದ ನಗರದಲ್ಲೇ ಉಳಿದರೆ, ಮದ್ದು ಹಿಡಿತ ತಪ್ಪಿದ್ದು ತಿಳಿಯುವುದು ರೋಗಿಯ ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ. ಕ್ಷಯರೋಗಕ್ಕೆಂದು ತಾಲ್ಲೂಕು ಮಟ್ಟದವರೆಗೂ ಇಳಿದಿರುವ ಕಾರ್ಟ್ರಿಜ್ ಯಂತ್ರಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಬಹುದು. ಬೇಕಿರುವುದು ಆ ಕಾರ್ಟ್ರಿಜ್‌ಗಳ ಪೂರೈಕೆ ಮತ್ತು ಇಲಾಖೆಗಳ ನಡುವಿನ ಹೊಂದಾಣಿಕೆ.

ಮನೆಮಂದಿಗೂ ಒಂದು ಕೆಲಸವಿದೆ. ಒಬ್ಬರಿಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ತಾಯಿ, ಎಲ್ಲರೂ ವೈರಸ್ ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್. ಗರ್ಭಿಣಿಯ ವೈರಲ್ ಲೋಡ್ 2 ಲಕ್ಷ ಐಯು ಮೀರಿದ್ದರೆ ಏಳನೇ ತಿಂಗಳಿಂದ ಟೆನೋಫೋವಿರ್ ಕೊಟ್ಟು ಮಗುವಿಗೆ ದಾಟುವುದನ್ನು ಇನ್ನಷ್ಟು ತಡೆಯಬಹುದು.

ಕೊನೆಯದಾಗಿ, ಹದಿನೈದು ಇಪ್ಪತ್ತು ವರ್ಷದ ಹಿಂದೆ ಲ್ಯಾಮಿವುಡಿನ್ ತೆಗೆದುಕೊಂಡಿದ್ದವರಿಗೆ. ಮದ್ದು ಬಿಟ್ಟ ಮೇಲೆ ಮೂಲ ವೈರಸ್ಸೇ ಮತ್ತೆ ಮೇಲುಗೈ ಪಡೆದು, ಪರೀಕ್ಷೆಯಲ್ಲಿ ರೂಪಾಂತರ ಕಾಣದೇ ಹೋಗಬಹುದು. ಆದರೆ ಕೋಶಕೇಂದ್ರದ ವೃತ್ತಗಳಲ್ಲಿ ಅದರ ಪ್ರತಿ ಹಾಗೇ ಉಳಿದಿರುತ್ತದೆ, ಎಂಟೆಕಾವಿರ್ ಶುರುವಾದರೆ ಎರಡು ಬದಲಾವಣೆಗಳ ಮುಂಗಡದೊಂದಿಗೆ ಹೊರಬರುತ್ತದೆ. ಹೊಸ ವೈದ್ಯರಿಗೆ ಇದನ್ನು ಯಾವ ಯಂತ್ರವೂ ಖಚಿತವಾಗಿ ಹೇಳಲಾರದು. ಹಳೆಯ ಚೀಟಿಗಳು, ಡಿಸ್ಚಾರ್ಜ್ ಕಾರ್ಡು, ಆಗಿನ ಮಾತ್ರೆಯ ಹೆಸರು ಬರೆದಿಟ್ಟ ಪುಸ್ತಕ, ಏನು ಸಿಕ್ಕರೂ ತೆಗೆದುಕೊಂಡು ಹೋಗಿ ತೋರಿಸಿ. ಕಾಗದ ಕಳೆದುಹೋಗಿದ್ದರೆ ಯಾವ ವರ್ಷ, ಎಷ್ಟು ತಿಂಗಳು, ಏಕೆ ನಿಲ್ಲಿಸಿದ್ದು ಎಂದು ಬಾಯಲ್ಲೇ ಹೇಳಿ. ನಿಮಗೆ ಯಾವ ಮಾತ್ರೆ ಬರೆಯಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.